ಟವೆಲ್ ಮೇಲಿನ ಪಾಂಡಿತ್ಯ

ದನದ ಸಂತೆಯ ವ್ಯವಹಾರದ ಬಗ್ಗೆ ಈ ಭೂಮಂಡಲದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬ ನಂಬಿಕೆ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಇದು ಜಂಬವಲ್ಲ. ಏಳು ವರ್ಷದಿಂದ ನಾನು ಅದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೆ. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು, ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಹಿಡಿದ ಬೆರಳುಗಳ ಲೆಕ್ಕದಲ್ಲೇ ದರ ಹೇಳುತ್ತಾರಲ್ಲ? ಸುತ್ತ ನಿಂತವರಿಗೆ ದರ ತಿಳಿಯಬಾರದು ಎಂದು ಮಾಡಿಕೊಂಡ ಪದ್ಧತಿ ಅದು. ಆ ಟವೆಲ್ಲಿನ ಬಗ್ಗೆ ನಾನು ಮುನ್ನೂರ ನಲವತ್ತು ಪುಟ ಬರೆದಿದ್ದೆ. ಅದರಲ್ಲಿ ಐದನೆಯ ಅಧ್ಯಾಯವಂತೂ ಪ್ರಬಂಧದ ಜೀವಾಳ. ಟವೆಲ್ ಎತ್ತುವವರೆಗೆ ಯಾವ ವ್ಯವಹಾರವೂ ಮುಗಿದಂತಲ್ಲ, ಎತ್ತಿದ ಕ್ಷಣದಿಂದಲೇ ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ, ಆದ್ದರಿಂದ ಟವೆಲ್ ಎಂಬುದು ನಾಟಕದ ಪರದೆಗೆ ಸಮ ಎಂದು ಅಲ್ಲಿ ಅಡಿಟಿಪ್ಪಣಿಗಳ ಸಹಿತ ಸಾಧಿಸಿದ್ದೆ. ಪರದೆಯ ಮಾತಿಗೆ ನನ್ನ ಗೈಡ್ ಹಸಿರು ಶಾಯಿಯಲ್ಲಿ ‘ಬಹಳ ಚೆನ್ನ’ ಎಂದು ಬರೆದಿದ್ದರು.

ಒಂದೇ ಒಂದು ಸಣ್ಣ ಕೊರತೆ. ನಾನು ಎಂದೂ ಟವೆಲ್ಲಿನ ಕೆಳಗೆ ಕೈ ಹಾಕಿರಲಿಲ್ಲ. ಸಂಶೋಧಕ ದೂರ ನಿಂತು ಗಮನಿಸಬೇಕು ಎಂದು ಎಲ್ಲೋ ಓದಿದ್ದೆ. ಶೂ ಹೊಸದಾಗಿತ್ತು, ಸಂತೆಯಲ್ಲಿ ಸಗಣಿ ಬಹಳ. ಆದ್ದರಿಂದ, ಒಂದು ದಿನ ಸಂತೆಯ ಅಂಚಿನಲ್ಲಿ ನಿಂತು ಕೆಲವರ ಫಾರಂ ತುಂಬಿದ್ದು ಬಿಟ್ಟರೆ, ಆ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ.

ಪ್ರಬಂಧ ಮುಗಿದಿತ್ತು. ನಮ್ಮ ಧಾರವಾಡದ ಒಂದು ಕಾಲೇಜಿನವರು, ‘ಈ ತಿಂಗಳೊಳಗೆ ಪ್ರಬಂಧ ಒಪ್ಪಿಸಿದ ರಸೀದಿ ತನ್ನಿ, ಕೆಲಸ ಕೊಡುತ್ತೇವೆ’ ಎಂದಿದ್ದರು. ಏಳು ವರ್ಷ ಮನೆ ನಡೆದದ್ದು ನನ್ನ ಹೆಂಡತಿ ಗಿರಿಜಾಳ ಸಂಬಳದ ಮೇಲೆ. ಅವಳು ರಾಯಾಪುರದ ಕಡೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಐದು ಪ್ರತಿ ಬೈಂಡಿಂಗ್ ಮಾಡಿಸಲು ಹಣವನ್ನು ಅವಳೇ ಲಕೋಟೆಯಲ್ಲಿ ಹಾಕಿ ನನ್ನ ಜೇಬಿಗಿಟ್ಟಳು. "ಇನ್ನ ಮುಂದ ನಾನೂ ಒಂದ್ ತಿಂಗಳು ಸೀರಿ ತಗೋಬೇಕೋ ಬ್ಯಾಡೋ ಅಂತ ವಿಚಾರ ಮಾಡದs ತಗೋತೇನ್ರಿ" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು.

ಆಫೀಸಿಗೆ ಹೋದರೆ ಗುಮಾಸ್ತರು ತಲೆ ಎತ್ತದೆ ಹೇಳಿದರು, "ಹೊಸಾ ರೂಲ್ ಬಂದೈತ್ರಿ. ಉದ್ಯಮ ಕೌಶಲ ತರಬೇತಿ ಸರ್ಟಿಫಿಕೇಟ್ ಹಚ್ಚಬೇಕು. ಅದು ಇಲ್ಲದ ಪ್ರಬಂಧ ತಗೊಳ್ಳಂಗಿಲ್ಲ."

"ನಾನು ಕನ್ನಡ ವಿಭಾಗದವನ್ರಿ. ನನಗ್ಯಾಕ ಉದ್ಯಮ?"

"ಅದನ್ನ ತರಬೇತ್ಯಾಗ ಹೇಳ್ತಾರ್ರಿ" ಎಂದು ಅವರು ಮುಂದಿನವರನ್ನು ಕರೆದರು.

ತರಬೇತಿ ಐದು ದಿನ. ಕಲಿಸಲು ಬೆಂಗಳೂರಿನಿಂದ ಕಾರ್ತಿಕ್ ಎಂಬ ತರುಣ ಬಂದಿದ್ದ. ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿದ್ದ. ಮೊದಲ ಮಾತೇ, "ನೀವು ವಿದ್ಯಾರ್ಥಿಗಳಲ್ಲ, ನೀವೊಂದು ಪ್ರಾಡಕ್ಟ್!" ಏಳು ವರ್ಷ ಗೋದಾಮಿನಲ್ಲಿ ಬಿದ್ದ ಪ್ರಾಡಕ್ಟ್ ಎಂದು ನಾನು ಮನಸ್ಸಿನಲ್ಲೇ ತಿದ್ದಿಕೊಂಡೆ.

ಎರಡನೆಯ ದಿನವಿಡೀ ಕೈಕುಲುಕುವುದನ್ನು ಕಲಿಸಿದ. ಹೌದು, ಇಡೀ ದಿನ! ದರದ ಮಾತಿಗೆ ಮೊದಲು ವಿಶ್ವಾಸ ಬೆಳೆಸಬೇಕಂತೆ. ಅದಕ್ಕೆ ಎದುರಿನವರ ಕೈಯನ್ನು ಗಟ್ಟಿಯಾಗಿ ಹಿಡಿದು, ಮೂರು ಸೆಕೆಂಡು ಒತ್ತಿ, ಕಣ್ಣಲ್ಲಿ ಕಣ್ಣಿಟ್ಟು ಮುಗುಳ್ನಗಬೇಕಂತೆ. ನನ್ನ ಹಿಡಿತ ಸಡಿಲವೆಂದು ನಾಲ್ಕು ಸಲ ತಿದ್ದಿದ. ಮನೆಗೆ ಬಂದವನೇ ಅಭ್ಯಾಸಕ್ಕೆಂದು ನಮ್ಮ ಮನೆ ಮಾಲೀಕರಾದ ದೇಸಾಯಿ ಕಾಕಾ ಅವರ ಕೈ ಹಿಡಿದು ಒತ್ತಿದೆ. ಅವರು ಕೆಳಗಿನ ಮನೆಯಲ್ಲಿರುತ್ತಾರೆ, ನಾವು ಮಾಳಿಗೆಯ ಮೇಲೆ.

"ಬಿಡ್ರಿ, ಬಿಡ್ರಿ! ಸಂಧಿವಾತ ಅದ ನನಗ!" ಎಂದು ಕಾಕಾ ಚೀರಿದರು. ಹಿಡಿತ ಸುಧಾರಿಸಿದೆ ಎಂದು ನನಗೆ ಖಾತ್ರಿಯಾಯಿತು.

ಮೂರನೆಯ ದಿನ ಸಂಜೆ ಕಾರ್ತಿಕ್ ಕೊನೆಯ ಪರೀಕ್ಷೆ ಹೇಳಿದ. ಪ್ರತಿಯೊಬ್ಬರೂ ಮರುದಿನ ಮಾರುಕಟ್ಟೆಗೆ ಹೋಗಿ, ತಮ್ಮ ಸಂಶೋಧನೆಯ ಜ್ಞಾನವನ್ನೇ ಬಳಸಿ, ನಿಜವಾದ ಒಂದು ವ್ಯವಹಾರದ ಮಾತುಕತೆ ನಡೆಸಬೇಕು. ಐದನೆಯ ದಿನ ಬಂದು ವರದಿ ಒಪ್ಪಿಸಬೇಕು. ಒಪ್ಪಿಸದವರಿಗೆ ಸರ್ಟಿಫಿಕೇಟ್ ಇಲ್ಲ. ಸಸ್ಯಶಾಸ್ತ್ರದ ಹುಡುಗಿಯ ಮುಖ ಬಾಡಿತು. ಗಣಿತದವನೊಬ್ಬ ಎದ್ದು ನಿಂತು, "ಸರ್, ನಂದು ನಾಲ್ಕನೇ ಆಯಾಮದ್ದು, ಎಲ್ಲಿ ಮಾರಲಿ?" ಎಂದು ಕೇಳಿದ. ನಾನು ಮಾತ್ರ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಮರುದಿನವೇ ಹುಬ್ಬಳ್ಳಿಯಲ್ಲಿ ದನದ ಸಂತೆಯಿತ್ತು!

ಯೋಜನೆ ಸರಳವಾಗಿತ್ತು. ಯಾವುದಾದರೂ ಒಂದು ದನದ ಮುಂದೆ ನಿಲ್ಲುವುದು, ಟವೆಲ್ಲಿನ ಕೆಳಗೆ ಎರಡು ನಿಮಿಷ ಚೌಕಾಸಿ ಮಾಡುವುದು, ಟವೆಲ್ ಎತ್ತುವ ಮೊದಲೇ ‘ಹೊಂದುವುದಿಲ್ಲ’ ಎಂದು ಕೈ ತೆಗೆದು ಮನೆಗೆ ಬರುವುದು. ಐದನೆಯ ಅಧ್ಯಾಯದ ಪ್ರಕಾರ ಯಾವ ಅಪಾಯವೂ ಇರಲಿಲ್ಲ.

ಸಂತೆಯ ಅಂಚಿನಲ್ಲಿ, ಸಗಣಿ ಕಡಿಮೆ ಇದ್ದ ಕಡೆ, ಒಬ್ಬ ಅಜ್ಜ ಒಂದು ಎಮ್ಮೆ ಹಿಡಿದು ನಿಂತಿದ್ದ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಯಲ್ಲಪ್ಪಜ್ಜ. ಎಮ್ಮೆಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಆ ಸಂಗತಿಯನ್ನು ನಾನು ಗಮನಿಸಿದೆ, ಆದರೆ ಜನಸಂದಣಿ ಕಡಿಮೆ ಇರುವುದು ಸಂಶೋಧನೆಗೆ ಅನುಕೂಲ ಎಂದಷ್ಟೇ ಅರ್ಥ ಮಾಡಿಕೊಂಡೆ.

"ಏನ್ರಿ ಸಾಹೇಬ್ರ, ಎಮ್ಮಿ ಬೇಕಾಗೇತೇನ್ರಿ?"

"ನೋಡೂಣ್ರಿ ಅಜ್ಜಾ" ಎಂದು ಗಂಭೀರವಾಗಿ ಕೈ ಚಾಚಿದೆ.

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದ. ಏಳು ವರ್ಷದ ತಪಸ್ಸು ಫಲಿಸುವ ಗಳಿಗೆ! ಅಜ್ಜ ನನ್ನ ಬೆರಳುಗಳನ್ನು ಒಮ್ಮೆ ಹಿಡಿದ, ಬಿಟ್ಟ, ಮತ್ತೊಮ್ಮೆ ಹಿಡಿದ. ಅದು ಅವನ ಮೊದಲ ದರ. ಕೇಳಿದವರು ಎಮ್ಮೆಯನ್ನಲ್ಲ, ಅಜ್ಜನನ್ನೇ ದಿಟ್ಟಿಸಿ ನೋಡಬೇಕು, ಅಂಥ ದರ. ಅದನ್ನು ಅರ್ಧಕ್ಕೆ ಇಳಿಸಬೇಕಿತ್ತು. ಆದರೆ ನಾನೀಗ ತರಬೇತಿ ಪಡೆದವನಲ್ಲವೇ? ಮೊದಲು ವಿಶ್ವಾಸ! ಅಜ್ಜನ ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದೆ. ಒಂದು, ಎರಡು, ಮೂರು ಸೆಕೆಂಡು ಒತ್ತಿದೆ. ಕಣ್ಣಲ್ಲಿ ಕಣ್ಣಿಟ್ಟು ಮುಗುಳ್ನಕ್ಕೆ.

ಅಜ್ಜನ ಬಾಯಿ ತೆರೆದೇ ಉಳಿಯಿತು. ಆಮೇಲೆ ಅವನೂ ನಕ್ಕ. ಟವೆಲ್ ಎಳೆದುಕೊಂಡು ಎಮ್ಮೆಯ ಹಗ್ಗವನ್ನು ನನ್ನ ಕೈಗಿಟ್ಟ.

"ಇದೇನ್ರಿ ಅಜ್ಜಾ?"

"ಎಮ್ಮೀರಿ."

"ನಾನಿನ್ನೂ ದರಾನs ಹೇಳಿಲ್ಲಲ್ರಿ!"

"ನನ್ನ ದರಕ್ಕ ಕೈ ಒತ್ತಿದ್ರಲ್ರಿ. ಮುಗೀತು. ಸಂತ್ಯಾಗ ಒತ್ತಿದ ಕೈ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ."

ಸುತ್ತಲೂ ಜನ ಸೇರಿತು. "ಮೊದಲ್ನೇ ದರಕ್ಕs ಕೈ ಒತ್ಯಾನಲೇ!" ಎಂದು ಒಬ್ಬ ಕೂಗಿದ. "ನಮ್ಮಪ್ಪನ ಕಾಲದಾಗೂ ಇಂಥಾ ಗಿರಾಕಿ ಬಂದಿಲ್ಲ ಬಿಡು" ಎಂದ ಇನ್ನೊಬ್ಬ. ನನ್ನನ್ನು ನೋಡಲೆಂದೇ ದೂರದಿಂದ ಕೆಲವರು ಬಂದರು. ಪಾರಾಗಲು ನಾನು ವಿಶ್ವವಿದ್ಯಾಲಯದ ಗುರುತಿನ ಚೀಟಿ ತೆಗೆದು, "ನಾನು ಸಂಶೋಧಕ, ಅಭ್ಯಾಸಕ್ಕಂತ ಬಂದಾಂವ" ಎಂದು ತೋರಿಸಿದೆ. ಅದೇ ಮುಳುವಾಯಿತು. ಅಜ್ಜ ಚೀಟಿಯ ಫೋಟೋವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, "ಹಂಗಾರ ಚಿಂತಿಲ್ಲ. ದೊಡ್ಡ ಸಾಲಿ ಮಂದಿ, ಎಲ್ಲಿ ಓಡಿ ಹೋಗ್ತೀರಿ? ಈಗ ಸಂಚಕಾರ ಕೊಡ್ರಿ, ಉಳಿದದ್ದು ಬರೋ ಸಂತಿಗೆ ಕೊಡ್ರಿ" ಎಂದ. ಮುಂಗಡ ಕೊಡದೆ ಕದಲಿದರೆ ಸಂತೆಯ ಮಂದಿ ನನ್ನನ್ನು ಎಮ್ಮೆಯ ಪಕ್ಕದಲ್ಲೇ ಕಟ್ಟುವ ಲಕ್ಷಣವಿತ್ತು. ಜೇಬಿನಲ್ಲಿದ್ದದ್ದು ಗಿರಿಜಾಳ ಲಕೋಟೆ ಒಂದೇ.

ಬಾಡಿಗೆ ಆಮೇಲೆ ಕೊಡುವ ಮಾತಿನ ಮೇಲೆ ಎಮ್ಮೆಗೂ ನನಗೂ ಸೇರಿ ಒಂದು ಟೆಂಪೋ ಮಾಡಿಕೊಂಡು ಧಾರವಾಡಕ್ಕೆ ಬಂದೆ. ಮಾಳಿಗೆ ಮೆಟ್ಟಿಲು ಹತ್ತಲು ಎಮ್ಮೆ ಒಪ್ಪಲಿಲ್ಲ. ನನಗಿಂತ ಅದಕ್ಕೇ ವಿವೇಕ ಹೆಚ್ಚಿತ್ತು. ಕಾಕಾ ಅವರ ಅಂಗಳದ ಪೇರಲ ಗಿಡಕ್ಕೆ ಕಟ್ಟಿದೆ. ಅದು ಮೊದಲು ದಾಸವಾಳ ತಿಂದಿತು, ಆಮೇಲೆ ಮಲ್ಲಿಗೆ, ಆಮೇಲೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಕಾಕಾ ಅವರ ಧೋತರದ ಒಂದು ಅಂಚು.

ಕಾಕಾ ಹೊರಗೆ ಬಂದು ಧೋತರದ ಉಳಿದ ಭಾಗವನ್ನು ಎಳೆದುಕೊಂಡರು. "ಬಾಡಗಿ ಕರಾರಿನ್ಯಾಗ ನಾಯಿ ಸಾಕಬಾರದು ಅಂತ ಬರದೇನಿ. ಬೆಕ್ಕು ಸಾಕಬಾರದು ಅಂತ ಬರದೇನಿ. ಎಮ್ಮಿ ಅಂತನೂ ಬರೀಬೇಕು ಅಂತ ನನಗ ಹೊಳೀಲೇ ಇಲ್ಲ ನೋಡ್ರಿ" ಎಂದರು. ಮರುದಿನ ಮಧ್ಯಾಹ್ನದೊಳಗೆ ಎಮ್ಮೆ ಹೋಗದಿದ್ದರೆ ನಾವು ಹೋಗತಕ್ಕದ್ದು ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಗಿರಿಜಾ ಶಾಲೆಯಿಂದ ಬಂದಳು. "ಇದು ಯಾರ ಎಮ್ಮಿರಿ?"

"ಸಂಶೋಧನಾ ಸಾಮಗ್ರಿ" ಎಂದೆ.

"ಬೈಂಡಿಂಗ್ ರೊಕ್ಕ ಎಲ್ಲಿ ಐತಿ?"

ನಾನು ಎಮ್ಮೆಯ ಕಡೆ ನೋಡಿದೆ. ಗಣಿತದ ಟೀಚರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಬಯ್ಯಲಿಲ್ಲ. ಚಂಬು ತಂದು ಎಮ್ಮೆಯ ಕೆಳಗೆ ಕುಳಿತು ಎರಡು ಸಲ ಹಿಂಡಿ ನೋಡಿದಳು. ಎಮ್ಮೆ ಒದೆಯಿತು. ಚಂಬು ಕಾಕಾ ಅವರ ಬಾಗಿಲ ತನಕ ಉರುಳಿತು. "ಗೊಡ್ಡೆಮ್ಮಿ" ಎಂದು ಎದ್ದಳು. "ಹಾಲಿಲ್ಲ, ಒದಿಯೂದು ಐತಿ. ಮನ್ಯಾಗ ಉಪಯೋಗಿಲ್ಲದ್ದು ಒಂದು ಇತ್ತು, ಇದು ಎರಡನೇದು."

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ರಜೆ ಹಾಕಿದಳು. ಅದೇ ಟೆಂಪೋದಲ್ಲಿ ಎಮ್ಮೆ ಹಿಂದೆ, ನಾವು ಮುಂದೆ, ಸುಳ್ಳಕ್ಕೆ ಹೋದೆವು. ಸಂಜೆ ನಾಲ್ಕಕ್ಕೆ ನನ್ನ ವರದಿ. ಎಮ್ಮೆ ಮರಳದಿದ್ದರೆ ಸಾಲ, ವರದಿ ತಪ್ಪಿದರೆ ಸರ್ಟಿಫಿಕೇಟ್ ಹೋಯಿತು, ಪ್ರಬಂಧ ಹೋಯಿತು, ಕೆಲಸವೂ ಹೋಯಿತು. ದಾರಿಯುದ್ದಕ್ಕೂ ನಾನು ಮಾತುಕತೆಯ ಹನ್ನೆರಡು ಸೂತ್ರಗಳನ್ನು ಬಾಯಿಪಾಠ ಮಾಡಿದೆ.

ಗಿರಿಜಾಳ ಬಳಿ ಸೂತ್ರವಿರಲಿಲ್ಲ. ಅಜ್ಜನ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, "ಅಜ್ಜಾ, ಇವರ ಮಾರಿ ಒಮ್ಮೆ ಸರಿಯಾಗಿ ನೋಡ್ರಿ. ಖರೇ ಹೇಳ್ರಿ, ಇವರು ಎಮ್ಮಿ ಸಾಕೋ ಪೈಕಿ ಏನ್ರಿ?" ಎಂದಳು.

ಅಜ್ಜ ನೋಡಿದ. ಬಿದ್ದು ಬಿದ್ದು ನಕ್ಕ. "ಇಲ್ಲವ್ವಾ, ಇವರನ್ನs ಯಾರರ ಸಾಕಬೇಕು. ಎಮ್ಮಿ ಇಳಿಸ್ರಿ. ಆದ್ರ ಸಂಚಕಾರ ವಾಪಸ್ ಕೊಡಂಗಿಲ್ಲ ನೋಡವಾ, ಅದು ಸಂತಿ ರಿವಾಜು."

"ಇಟ್ಕೊಳ್ರಿ. ಕಲಿಸಿದ್ದಕ್ಕ ಫೀ ಅಂತ ತಿಳ್ಕೊಳ್ರಿ."

ಇಲ್ಲಿಗೆ ಎದ್ದು ಬಂದಿದ್ದರೆ ನಾನು ಇವತ್ತು ಡಾಕ್ಟರ್ ಆಗಿರುತ್ತಿದ್ದೆ. ಆದರೆ ಪಂಡಿತನ ನಾಲಿಗೆ ಸುಮ್ಮನಿರುತ್ತದೆಯೇ? "ಒಂದು ತಕರಾರು ಐತ್ರಿ ಅಜ್ಜಾ. ಟವೆಲ್ ಎತ್ತೂತನಕ ವ್ಯಾಪಾರ ಮುಗಿಯಂಗಿಲ್ಲ. ನೀವು ಕೈ ಒತ್ತಿದಾಗs ಮುಗೀತು ಅಂದ್ರಿ" ಎಂದೆ.

"ಯಾರ್ರಿ ಹಂಗ ಹೇಳಿದಾಂವ?"

ಹೇಳಿದವನು ನಾನೇ, ಅಡಿಟಿಪ್ಪಣಿಗಳ ಸಹಿತ.

"ಕೈ ಒತ್ತಿದ್ರ ವ್ಯಾಪಾರ. ಟವೆಲ್ಲಿಗೆ ಏನೈತ್ರಿ? ಒಳಗ ಕೈ ಬೆವರ್ತಾವ, ಅದಕ್ಕ ಲಗೂನ ತೆಗೀತೀವಿ."

ಬೆವರು! ಮುನ್ನೂರ ನಲವತ್ತು ಪುಟದಲ್ಲಿ ಎಲ್ಲಿಯೂ ಆ ಶಬ್ದವಿರಲಿಲ್ಲ. ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡತೊಡಗಿದ. "ತಡೀರಿ, ಹಿಂದೊಮ್ಮೆ ಸಂತ್ಯಾಗ ಫಾರಂ ತುಂಬಾಕ ಬಂದಾಂವ ನೀವs ಅಲ್ಲೇನು? ಹೆಸರು ಕೇಳಿದ್ರಿ, ವಯಸ್ಸು ಕೇಳಿದ್ರಿ, ಸಾಲಿ ಎಷ್ಟು ಕಲ್ತಿ ಅಂದ್ರಿ, ತಿಂಗಳಿಗೆ ಎಷ್ಟು ಬರತೈತಿ ಅಂದ್ರಿ. ಟವೆಲ್ ಕೆಳಗ ಏನ್ ಮಾಡ್ತೀರಿ ಅಂತ ಅದೊಂದs ಕೇಳಲಿಲ್ಲ."

ಗಿರಿಜಾ ನನ್ನ ಕಡೆ ತಿರುಗಿದಳು. "ಐದನೇ ಅಧ್ಯಾಯ?" ಎಂದಳು, ಮೆಲ್ಲಗೆ. ಅಷ್ಟು ಮೆಲ್ಲಗೆ ಅವಳು ಎಂದೂ ಮಾತಾಡಿದ್ದಿಲ್ಲ.

ಸಂಜೆ ನಾಲ್ಕಕ್ಕೆ ನಡೆದದ್ದನ್ನೆಲ್ಲ ಯಥಾವತ್ತಾಗಿ ವರದಿ ಮಾಡಿದೆ. ಕಾರ್ತಿಕ್ ಕೋಟು ಬಿಚ್ಚಿ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇದೇ ರಿಯಲ್ ಲರ್ನಿಂಗ್! ಫೇಲ್ ಆಗದೆ ಯಾವ ಉದ್ಯಮಿಯೂ ಹುಟ್ಟಲ್ಲ!" ನನಗೆ ‘ಅತ್ಯುತ್ತಮ ಶಿಬಿರಾರ್ಥಿ’ ಎಂಬ ಸರ್ಟಿಫಿಕೇಟ್ ಕೊಟ್ಟು ಕೈಕುಲುಕಲು ಬಂದ. ನಾನು ದೂರದಿಂದಲೇ ನಮಸ್ಕಾರ ಮಾಡಿದೆ.

ಸರ್ಟಿಫಿಕೇಟನ್ನೂ ಪ್ರಬಂಧವನ್ನೂ ಹಿಡಿದು ಗೈಡ್ ಮನೆಗೆ ಹೋದೆ. ಬೆವರಿನ ವಿಷಯ ಮುಚ್ಚಿಡಬಹುದಿತ್ತು. ಮುಚ್ಚಿಡಲು ಮನಸ್ಸಾಗಲಿಲ್ಲ, ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕೇಳಿದರು, "ಐದನೇದು ತೆಗೆದ್ರ ಆರು, ಏಳು ಏನಾಗ್ತಾವ?"

"ಅವೂ ಅದರ ಮ್ಯಾಲೇ ನಿಂತಾವ್ರಿ ಸರ್."

ಅವರು ಹಸಿರು ಪೆನ್ನಿನಿಂದ ‘ಬಹಳ ಚೆನ್ನ’ ಎಂಬುದನ್ನು ಹೊಡೆದುಹಾಕಿ ಪ್ರಬಂಧವನ್ನು ನನ್ನ ಕೈಗಿತ್ತರು. ಹೀಗೆ, ಪ್ರಬಂಧಕ್ಕೆ ಹಚ್ಚಬೇಕಾದ ಸರ್ಟಿಫಿಕೇಟ್ ನನ್ನ ಬಳಿ ಸಿದ್ಧವಾಗಿದೆ. ಹಚ್ಚಲು ಪ್ರಬಂಧವಿಲ್ಲ. ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ಗಿರಿಜಾ ಸೀರೆಯ ಮಾತು ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಈಗ ಪ್ರತಿ ವಾರ ಸಂತೆಗೆ ಹೋಗಿ ಯಲ್ಲಪ್ಪಜ್ಜನ ಬಳಿ ಮೊದಲಿನಿಂದ ಕಲಿಯುತ್ತಿದ್ದೇನೆ. ಗಿರಿಜಾ ಜೇಬು ತಪಾಸಣೆ ಮಾಡಿಯೇ ಕಳಿಸುತ್ತಾಳೆ. ಮೊದಲ ದಿನ ಅಜ್ಜ, "ತಡೀರಿ, ಮೊದಲ ನಿಮ್ಮ ಫಾರಂ ತುಂಬೂಣು" ಎಂದ. ಹೆಸರು ಕೇಳಿದ, ಹೇಳಿದೆ. ವಯಸ್ಸು ಕೇಳಿದ, ಮೂವತ್ತಾರು ಎಂದೆ.

"ಸಾಲಿ ಎಷ್ಟು ಕಲ್ತೀರಿ?"

"ಇನ್ನೂ ಕಲಿಯಾಕತ್ತೇನ್ರಿ ಅಜ್ಜಾ."

"ತಿಂಗಳಿಗೆ ಎಷ್ಟು ಬರತೈತಿ?"

ಸುತ್ತ ಮಂದಿ ನಿಂತಿದ್ದರು. ನಾನು ನೆಲ ನೋಡಿದೆ. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿ, "ಯಾರಿಗೂ ಗೊತ್ತಾಗಂಗಿಲ್ಲ. ಬೆರಳಿಲೆ ಹೇಳ್ರಿ" ಎಂದ.

ನಾನು ಮುಷ್ಟಿ ಕಟ್ಟಿ ಕೊಟ್ಟೆ. ಅಜ್ಜ ಒಳಗೇ ತಡಕಾಡಿದ. ಒಂದು ಬೆರಳೂ ಸಿಗಲಿಲ್ಲ. ಕೈ ಬೆವರುತ್ತಿದ್ದರೂ ಟವೆಲ್ ಎತ್ತಲಿಲ್ಲ, ಪುಣ್ಯಾತ್ಮ.