ಪವಾಯಿಯ ಬಿಸಿ ಲೆಗ್ ಪೀಸ್

ಕೆಲವರಿಗೆ ಮದುವೆ ಕೂಡಿ ಬರೋದಿಲ್ಲ, ಕೆಲವರಿಗೆ ಪ್ರಮೋಷನ್. ನನಗೆ ಕೂಡಿ ಬಾರದ್ದು ಒಂದು ಲೆಗ್ ಪೀಸ್. ಮುಂಬಯಿಯ ಪವಾಯಿಯಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಮಂಗಳೂರು ಕಡೆಯ ಧಣಿಯೊಬ್ಬರ ಹಳೇ ಚಿಕನ್ ಫ್ರೈ ಹೋಟೆಲ್ ಇತ್ತು. ಅಲ್ಲಿ ಕೂತು ಬಿಸಿ ಬಿಸಿಯಾಗಿ ಒಂದು ತಿನ್ನಬೇಕು, ಆಸೆ ಇಷ್ಟೇ. ಹೋದಾಗಲೆಲ್ಲ ಏನೋ ಒಂದು ಆಗ್ತಿತ್ತು. ಈಗ ಹೋಟೆಲೇ ಇಲ್ಲ.

ಕುರ್ಚಿ

ಅಲ್ಲಿ ಜಾಗ ಬೇಕಾದ್ರೆ ತಿನ್ನೋರ ಬೆನ್ನ ಹಿಂದೆ ನಿಂತು ಕಾಯಬೇಕು. ಒಬ್ಬ ಕಾಲೇಜು ಹುಡುಗನ ಹಿಂದೆ ನಿಂತೆ. ಕೊನೇ ಮೂಳೆ ಚೀಪಿದ. ನಾನು ಕುರ್ಚಿಗೆ ಕೈ ಇಟ್ಟೆ.

ಅವನು ತಿರುಗಿ ನೋಡಿ, "ಅಂಕಲ್, ನಿಮ್ಮನ್ನ ನೋಡಿದ್ರೆ ಪಪ್ಪಾ ನೆನಪಾಗ್ತಾರೆ" ಅಂತ ಹಿಂದಿಯಲ್ಲಿ ಅಂದ.

ನಾನು ಕುರ್ಚಿಯಿಂದ ಕೈ ತೆಗೆದೆ. "ಯಾಕಪ್ಪಾ?"

"ಅವ್ರೂ ನೆಮ್ಮದಿಯಾಗಿ ತಿನ್ನೋಕೆ ಬಿಡಲ್ಲ" ಅಂದವನೇ ಇನ್ನೊಂದು ಪ್ಲೇಟ್ ಹೇಳಿದ.

ಪಾರ್ಸೆಲ್

ಕೂತು ತಿನ್ನೋದೇ ಬೇಡ, ಮನೆಗೆ ಒಯ್ಯೋಣ ಅಂತ ಒಮ್ಮೆ ಕಟ್ಟಿಸಿದೆ. ಲೋಕಲ್ ಟ್ರೇನಿನಲ್ಲಿ ಪೊಟ್ಟಣ ಎದೆಗೆ ಅವಚಿಕೊಂಡು ನಿಂತೆ. ಕುರ್ಲಾ ಸ್ಟೇಷನ್ನಿನಲ್ಲಿ ನಾನು ಇಳೀಲಿಲ್ಲ, ಜನ ಇಳಿಸಿದ್ರು. ಮನೇಲಿ ಹೆಂಡತಿ ಬಿಚ್ಚಿ ನೋಡಿದಳು.

"ಚಿಕನ್ ತರ್ತೇನೆ ಅಂದ್ರಿ, ಚಟ್ನಿ ತಂದ್ರಿ. ಮೂಳೆ ಸಮೇತ ಅರೆದಿದ್ದಾರಲ್ಲ!"

ಕೊನೇ ದಿನ

ಧಣಿ ಫೋನ್ ಮಾಡಿದ್ರು. "ಬಿಲ್ಡಿಂಗ್ ಒಡೀತಾರಂತೆ. ತಿಂಗಳ ಕೊನೇ ದಿನ ಬನ್ನಿ, ಹಳೇ ಗಿರಾಕಿಗಳಿಗೆಲ್ಲ ನನ್ನದೇ ಊಟ. ನನ್ನ ಚಿಕನ್ ಒಂದ್ಸಲ ಎಲ್ರೂ ಒಟ್ಟಿಗೆ ತಿನ್ನೋದು ನೋಡ್ಬೇಕು."

ಹೋದೆ. ಕಾಲೇಜಿಗೆ ರಜೆ, ಸಲೀಸಾಗಿ ಜಾಗ ಸಿಕ್ತು. ಧಣಿ ತಾವೇ ತಂದಿಟ್ರು. ಹಬೆ ಆಡ್ತಿತ್ತು. ಬಾಯಿ ಹತ್ರ ತಂದು ಆಚೀಚೆ ನೋಡಿದ್ರೆ, ನಮ್ಮೂರ ಕಡೆಯ ಹಳೇ ಗಿರಾಕಿಗಳೆಲ್ಲ ಬರೀ ದಾಲ್-ರೈಸ್ ಕಲಸ್ತಿದ್ದಾರೆ.

"ಯಾಕೆ, ಯಾರಿಗೂ ಚಿಕನ್ ಬೇಡ್ವಾ?"

ಪಕ್ಕದವರು ಮೆಲ್ಲಗೆ, "ಸೋಮವಾರ ಅಲ್ವಾ" ಅಂದ್ರು.

ಲೆಗ್ ಪೀಸ್ ಕೆಳಗಿಟ್ಟೆ. ನಮ್ಮ ಮನೇಲೂ ಸೋಮವಾರ ಮೀನು-ಕೋಳಿ ಮುಟ್ಟೋ ಹಾಗಿಲ್ಲ.

ಧಣಿ ಹಣೆ ಚಚ್ಚಿಕೊಂಡ್ರು. "ತಾರೀಕು ನೋಡಿದೆ, ವಾರ ನೋಡ್ಲಿಲ್ಲ!" ಕಣ್ಣು ಒರೆಸಿಕೊಂಡು, "ಇರ್ಲಿ. ಬಿಲ್ಡರ್ ಕಾಲು ಹಿಡಿದಾದ್ರೂ ನಾಳೆ ಒಂದಿನ ಹೋಟೆಲ್ ತೆರೀತೇನೆ. ಎಲ್ರೂ ನಾಳೆ ಬನ್ನಿ" ಅಂದ್ರು.

ಎಲ್ರೂ ಮತ್ತೆ ದಾಲ್-ರೈಸ್ ಕಲಸೋಕೆ ಶುರು ಮಾಡಿದ್ರು. ಕೊನೆಗೆ ಮೂಲೆಯಿಂದ ಒಬ್ರು, "ನಾಳೆ ಮಂಗಳವಾರ, ಅಂಗಾರಕಿ ಸಂಕಷ್ಟಿ, ಧಣಿ. ಉಪವಾಸ" ಅಂದ್ರು.

ಧಣಿ ಒಳಗೆ ಕರಿದಿಟ್ಟ ರಾಶಿ ನೋಡಿದ್ರು. ಆಮೇಲೆ ನಮ್ಮನ್ನ ಒಬ್ಬೊಬ್ಬರನ್ನಾಗಿ ನೋಡಿದ್ರು.

"ಅಲ್ಲ ಮಾರಾಯ್ರೇ, ಮತ್ತೆ ಇಷ್ಟು ವರ್ಷ ಇಲ್ಲಿ ಕೋಳಿ ತಿಂದದ್ದು ಯಾರು?"