ಖಾಲಿ ಸೀಸೆಯ ವಾಸನೆ

ಆ ಭಾನುವಾರ ನಾನು ಹಾಸಿಗೆಯಿಂದ ಎದ್ದದ್ದೇ ಒಂದು ಮಹಾಸಂಕಲ್ಪದೊಂದಿಗೆ. ನನ್ನ ಹೆಂಡತಿಯ ಮೂಗನ್ನು ಇವತ್ತು ವಿಜ್ಞಾನದ ಕಟಕಟೆಯಲ್ಲಿ ನಿಲ್ಲಿಸಿಯೇ ತೀರುತ್ತೇನೆ!

ಈ ಮೂಗಿನ ಕಾಟ ಶುರುವಾಗಿ ಕೆಲವು ವಾರಗಳೇ ಆಗಿದ್ದವು. ಅವಳು ಆಸ್ಪತ್ರೆಯಲ್ಲಿ ನರ್ಸ್. ದಿನಾ ಸಂಜೆ ಮಲಗುವ ಕೋಣೆಯಲ್ಲಿ ತನ್ನ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ, ನಾನು ಪೇಪರು ಬಿಡಿಸುವ ಹೊತ್ತಿಗೆ ಸರಿಯಾಗಿ, "ರೀ, ಏನೋ ಸುಟ್ಟ ವಾಸನೆ" ಎನ್ನುವಳು. ನಾನು ಎದ್ದು ಹೋಗಿ ಬಟ್ಟೆ ತಿರುವಿ, ಇಸ್ತ್ರಿಪೆಟ್ಟಿಗೆ ಮೂಸಿ, ಅಡುಗೆಮನೆಯ ಒಲೆಯವರೆಗೂ ಪ್ರದಕ್ಷಿಣೆ ಹಾಕಿ ಬರುವೆ. ಎಲ್ಲೂ ಏನೂ ಇರುವುದಿಲ್ಲ. ಕೂತು ಪೇಪರು ಎತ್ತಿಕೊಂಡರೆ, ವಾಸನೆ ಇನ್ನೂ ಇದೆ ಎಂಬ ವರದಿ. ಮೂಗು ಅವಳದು, ಓಡಾಟ ನನ್ನದು! ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಂದು ಅವಳು ಹೇಳಿದಾಗಲೆಲ್ಲ, ಮೊದಲು ವಾಸನೆ ಇದೆಯೆಂಬುದು ಸಾಬೀತಾಗಲಿ ಎಂದು ನಾನು ತಳ್ಳಿಹಾಕುತ್ತಿದ್ದೆ.

ಇದರಲ್ಲಿ ನನ್ನ ಮರ್ಯಾದೆಯ ಪ್ರಶ್ನೆಯೂ ಇತ್ತು. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಹೊರಗಿನ ಬೆಳಕು, ಸದ್ದು, ವಾಸನೆ ಎಷ್ಟಿದ್ದರೆ ಮನಸ್ಸಿಗೆ ಗೊತ್ತಾಗುತ್ತದೆ, ಎಷ್ಟು ಹೆಚ್ಚು ಕಡಿಮೆಯಾದರೆ ವ್ಯತ್ಯಾಸ ತಿಳಿಯುತ್ತದೆ ಎಂದು ಅಳೆಯುವ ವಿದ್ಯೆ ಕಲಿಸುವುದೇ ನನ್ನ ಹೊಟ್ಟೆಪಾಡು. ಕೈಯಲ್ಲಿ ಒಂದೇ ಪುಸ್ತಕ ಹಿಡಿದವನಿಗೆ ಇನ್ನೊಂದನ್ನು ಕೊಟ್ಟರೆ ತಕ್ಷಣ ಭಾರ ತಿಳಿಯುತ್ತದೆ, ಮೂಟೆ ಹೊತ್ತವನ ಮೇಲೆ ಅದೇ ಪುಸ್ತಕ ಇಟ್ಟರೆ ತಿಳಿಯುವುದಿಲ್ಲ ಎಂದು ವರ್ಷವರ್ಷವೂ ಬೋಧಿಸುವವನ ಮನೆಯಲ್ಲೇ ಇಂಥ ಲಂಗುಲಗಾಮಿಲ್ಲದ ಮೂಗೇ?

ನಮ್ಮ ಜೊತೆಗೇ ಇರುವ ಅತ್ತೆಯವರು ಕುಡಿದು ಮುಗಿಸಿದ ಟಾನಿಕ್ ಸೀಸೆಗಳನ್ನೆಲ್ಲ ತೊಳೆದು ಒಣಗಿಸಿದೆ. ಮಲಗುವ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯಿಸಿ, ಹಳೆಯ ಬಟ್ಟೆಯ ಮೇಲೆ ಒತ್ತಿ ಹಿಡಿದು, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಸುಟ್ಟೆ. ಒಂದು ಸೀಸೆಗೆ ಅಂಗೈಯಗಲದ ತುಂಡು, ಇನ್ನೊಂದಕ್ಕೆ ಉಗುರಿನಷ್ಟು, ಮತ್ತೊಂದಕ್ಕೆ ಬರೀ ಎಳೆ. ಉಳಿದವೆಲ್ಲ ಖಾಲಿ. ಜಾಣತನ ಇರುವುದೇ ಆ ಖಾಲಿ ಸೀಸೆಗಳಲ್ಲಿ. ಖಾಲಿಗೂ 'ಹೌದು' ಎನ್ನುವವರ ಮೂಗು ಚುರುಕಲ್ಲ, ನಾಲಿಗೆ ಸಡಿಲ ಎಂದು ಅರ್ಥ.

ಅವತ್ತು ಮಾತ್ರ ಮಧ್ಯಾಹ್ನದ ಪಾಳಿಗೆ ಹೊರಡಬೇಕಿದ್ದ ಹೆಂಡತಿ ಸುಲಭಕ್ಕೆ ಒಪ್ಪಲಿಲ್ಲ. ತಾನು ಗೆದ್ದರೆ ಇವತ್ತೇ ಎಲೆಕ್ಟ್ರಿಷಿಯನ್ ಬರಬೇಕೆಂದು ಕರಾರು ಹಾಕಿ, ಹಜಾರದ ಕುರ್ಚಿಯಲ್ಲಿ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಕೂತಳು. ನಾನು ಕಣ್ಸನ್ನೆ ಮಾಡಿದ ಸೀಸೆಯ ಮುಚ್ಚಳ ತೆರೆದು ಮಗಳ ಮೂಗಿಗೆ ಹಿಡಿಯುವ ಕೆಲಸ ಅತ್ತೆಯವರದು.

ಶುರುವಿನಲ್ಲಿ ಅವಳು ನನ್ನನ್ನೇ ಬೆರಗಾಗಿಸಿದಳು. ಅಂಗೈಯಗಲಕ್ಕೆ 'ಹೌದು', ಉಗುರಿನಷ್ಟಕ್ಕೆ 'ಹೌದು', ಎಳೆಗೂ 'ಹೌದು'. ಖಾಲಿಗೆ ಖಡಾಖಂಡಿತ 'ಇಲ್ಲ'. ಹೊಟ್ಟೆಯೊಳಗೆ ಸಣ್ಣಗೆ ಉರಿ ಎದ್ದಿತು. ಆಮೇಲೆ ಬಿದ್ದಳು ಬಲೆಗೆ! ಖಾಲಿ ಸೀಸೆಗೆ 'ಹೌದು' ಎಂದಳು. ಇನ್ನೊಂದು ಖಾಲಿ ಕೊಡಿಸಿದೆ. ವಾಸನೆ ಮೊದಲಿನದಕ್ಕಿಂತ ಜಾಸ್ತಿ ಇದೆ ಎಂದಳು. ಮತ್ತೊಂದು ಕೊಡಿಸಿದೆ. ಇದರಲ್ಲಿ ಇನ್ನೂ ಜಾಸ್ತಿಯಂತೆ. ನಾನು ನಗು ತಡೆಯಲಾರದೆ ಗೋಡೆಗೆ ಒರಗಿದೆ.

"ಅಳಿಯಂದಿರೇ, ನನಗೂ ಬರ್ತಿದೆ" ಎಂದರು ಅತ್ತೆ.

ಸಹಾಯಕರು ಬಾಯಿ ಬಿಡಬಾರದು, ಒಬ್ಬರ ಭ್ರಮೆ ಇನ್ನೊಬ್ಬರಿಗೆ ನೆಗಡಿಯಂತೆ ಅಂಟುತ್ತದೆ ಎಂದು ಅವರಿಗೆ ವಿನಯದಿಂದ ತಿಳಿಸಿದೆ. ನಿಮ್ಮ ಮೂಗಿಗೆ ಏನೂ ಬರುತ್ತಿಲ್ಲವೇ ಎಂದು ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ! ಒಂದೇ ವಾಸನೆಯನ್ನು ತುಂಬಾ ಹೊತ್ತು ಕುಡಿದ ಮೂಗು ಅದನ್ನು ವರದಿ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ, ಬೆಳಗಿನಿಂದ ಚಿಂದಿ ಸುಟ್ಟ ನನ್ನ ಮೂಗು ಈಗ ಅದೇ ಸ್ಥಿತಿಯಲ್ಲಿದೆ ಎಂದು ಶುರುಮಾಡಿ, ತರಗತಿಯಲ್ಲಿ ಹೇಳುವಷ್ಟನ್ನೂ ಹೇಳಿದೆ. ಪಾಠ ಭರದಿಂದ ಸಾಗಿತ್ತು. ಅವಳು ಟವೆಲ್ ಕಿತ್ತು ನನ್ನ ಬೆನ್ನ ಹಿಂದೆ ನೋಡಿದಳು.

"ರೀ, ಖಾಲಿ ಸೀಸೆಯಿಂದ ಹೊಗೆ ಬರುತ್ತಾ?"

ಮಲಗುವ ಕೋಣೆಯ ಬಾಗಿಲಿನಿಂದ ಹೊಗೆ ತಣ್ಣಗೆ ಹಜಾರಕ್ಕೆ ಹೊರಟುಬಂದಿತ್ತು.

ಮುಂದಿನದನ್ನು ಹೇಳಲು ನಾಚಿಕೆ. ಹೆಂಡತಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು, ಒದ್ದೆ ಬೆಡ್‌ಶೀಟ್ ಎಸೆದು ಉರಿಯುತ್ತಿದ್ದ ಪರದೆಯನ್ನು ಕೆಳಗೆಳೆದು ತುಳಿದಳು. ಅತ್ತೆ ಬಕೆಟ್ಟು ತಂದರು. ನಾನು ಸೀಸೆ ಹಿಡಿದು ನಿಂತಿದ್ದೆ. ಚಿಂದಿ ಸುಟ್ಟ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಆರಿಸಲು ಮರೆತಿದ್ದೆ. ಅದನ್ನು ಸಿಕ್ಕಿಸಿದ್ದ, ಬೀರುವಿನ ಹಿಂದಿನ ಸಾಕೆಟ್ಟು ಮೇಣದ ಹಾಗೆ ಕರಗಿ ಗೋಡೆಗೆ ಇಳಿದಿತ್ತು. ಪಕ್ಕದಲ್ಲಿ ನೇತುಹಾಕಿದ್ದ ಬಿಳಿ ಸಮವಸ್ತ್ರಕ್ಕೆ ಮಸಿ ಮೆತ್ತಿತ್ತು. ಬೇರೆ ಜೊತೆ ಒಣಗಿರಲಿಲ್ಲ. ಅದನ್ನೇ ಹಾಕಿಕೊಂಡು ಅವಳು ಡ್ಯೂಟಿಗೆ ಹೋದಳು. ವಾರ್ಡಿನ ರೋಗಿಗಳೆಲ್ಲ ಅವಳ ಆರೋಗ್ಯ ವಿಚಾರಿಸಿದರೆಂದು ಆಮೇಲೆ ಅತ್ತೆಯಿಂದ ತಿಳಿಯಿತು.

ಸಂಜೆ ಬಂದ ಎಲೆಕ್ಟ್ರಿಷಿಯನ್, ತಂತಿ ಸಡಿಲವಾಗಿ ಬಹಳ ದಿನದಿಂದ ಒಳಗೊಳಗೇ ಸುಡುತ್ತಿತ್ತು, ಇಸ್ತ್ರಿ ಹಾಕಿದಾಗಲೆಲ್ಲ ವಾಸನೆ ಬಂದಿರಲೇಬೇಕು, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದ. ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮನೆಯಲ್ಲಿ ಮೌನ ಶುರುವಾಯಿತು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ಬೈಯಲೂ ಇಲ್ಲ. ಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಕೇಳಿಸುವಳು. ನಾನು ಗೋಡೆಗೆ ಬಣ್ಣ ಹೊಡೆಸಿದೆ, ಪರದೆ ತಂದೆ, ದಿನಾ ಸಂಜೆ ನಾನೇ ನಿಂತು ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ. ಮುಖ ಸಡಿಲವಾಯಿತೇ ಎಂದು ಕಳ್ಳನ ಹಾಗೆ ಇಣುಕಿ ನೋಡುವುದೇ ನನ್ನ ಉದ್ಯೋಗವಾಯಿತು. ಒಮ್ಮೊಮ್ಮೆ ಸಡಿಲವಾದಂತೆ ಕಾಣುತ್ತಿತ್ತು, ಮರುಗಳಿಗೆಗೆ ಇಲ್ಲ ಅನ್ನಿಸುತ್ತಿತ್ತು. ಕೊನೆಗೆ ತಡೆಯಲಾರದೆ, ಅವಳು ಕೆಲಸಕ್ಕೆ ಹೊರಡುವಾಗ ಬಾಗಿಲಿಗೆ ಅಡ್ಡ ನಿಂತೆ.

"ಕೋಪ ಸ್ವಲ್ಪನಾದ್ರೂ ಕಡಿಮೆ ಆಗಿದ್ಯಾ?"

ಬಗ್ಗಿ ಶೂ ಲೇಸು ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಆಗಿದೆ," ಎಂದಳು. "ನಿಮಗೆ ಗೊತ್ತಾಗೋವಷ್ಟು ಆಗಿಲ್ಲ."