ಹನ್ನೊಂದನೆಯ ಕಾರಣ

ನಮ್ಮ ದೇಶದ ಅಂತರ್ಯುದ್ಧಕ್ಕೆ ಒಟ್ಟು ಹದಿನೇಳು ಕಾರಣಗಳಿದ್ದು, ಅವುಗಳಲ್ಲಿ ಹನ್ನೊಂದನೆಯದು ನಾನು ಮತ್ತು ನನ್ನ ಗೆಳೆಯ ತಿಯೆಕುರ ಎಂದು ಸರ್ಕಾರಿ ವರದಿಯಲ್ಲಿ ಅಚ್ಚಾಗಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಹತ್ತಿ ಲಾರಿಗಳ ಮೇಲೆ ಕೂತು ಮೂರು ದೇಶ ಸುತ್ತಿದ ಜಿಯೆ ಎಂಬ ನನ್ನ ಹೆಸರು ಪುಸ್ತಕದಲ್ಲಿ ಬಂದದ್ದು ಅದೊಂದೇ ಸಲ. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಯುದ್ಧ ಯಾಕಾಯಿತೆಂದು ನಮ್ಮೂರಲ್ಲಿ ಸಜ್ಜೆ ಬಿಯರ್ ಮಾರುವ ಹೆಂಗಸರಿಗೂ ಗೊತ್ತಿತ್ತು. ಚುನಾವಣೆಗೆ ಆರು ತಿಂಗಳಿದ್ದಾಗ ಸರ್ಕಾರ, ಉತ್ತರದವರೆಲ್ಲ ಹೊರಗಿನವರೆಂದು ನಮ್ಮ ಗುರುತಿನ ಚೀಟಿಗಳನ್ನು ಕಿತ್ತುಕೊಂಡಿತು. ಚೀಟಿ ಇಲ್ಲದವರಿಗೆ ಮತವಿಲ್ಲ ಎಂದಿತು. ಆಮೇಲೆ ಉತ್ತರದ ಸೈನಿಕರನ್ನು ಕೆಲಸದಿಂದ ತೆಗೆಯಿತು. ಆದರೆ ಅವರ ಬಂದೂಕುಗಳನ್ನು ವಾಪಸು ಪಡೆಯಲು ಮರೆಯಿತು. ಮಿಕ್ಕಿದ್ದು ನಾಲ್ಕು ವರ್ಷ ನಡೆಯಿತು.

ಶಾಂತಿ ಒಪ್ಪಂದದ ನಂತರ ಹುಟ್ಟಿದ ಯುದ್ಧಕಾರಣ ಶೋಧನಾ ಆಯೋಗಕ್ಕೆ ಇದು ಸಾಲದಾಯಿತು. ಅದಕ್ಕೆ ನಿಯಮಗಳಿದ್ದವು. ನಿಯಮ ಮೂರು: ಹಾಲಿ ಅಧಿಕಾರದಲ್ಲಿರುವ ಯಾರನ್ನೂ ಕಾರಣವೆಂದು ಪರಿಗಣಿಸತಕ್ಕದ್ದಲ್ಲ. ನಿಯಮ ನಾಲ್ಕು: ಕಾರಣಕ್ಕೆ ಕನಿಷ್ಠ ನೂರು ವರ್ಷ ವಯಸ್ಸಾಗಿರತಕ್ಕದ್ದು. ನಿಯಮ ಐದು: ಪ್ರತಿಯೊಂದು ಜಿಲ್ಲೆಯೂ ಒಂದು ಪುರಾತನ ಜನಾಂಗದ್ವೇಷವನ್ನು ಸಲ್ಲಿಸತಕ್ಕದ್ದು, ಸಲ್ಲಿಸದ ಜಿಲ್ಲೆಗೆ ಹೊಸ ಗುರುತಿನ ಚೀಟಿ ಕೊಡಲಾಗುವುದಿಲ್ಲ.

ಆಯೋಗದ ಅಧ್ಯಕ್ಷರಾದ ಎಹೂಮಾನ್ ಸಾಹೇಬರು ದಕ್ಷಿಣದವರು, ಸಭ್ಯರು. ಅವರಿಗೆ ನಮ್ಮ ಮಾತು ಬಾರದು. ಹಾಗಾಗಿ ನಾನು ದುಭಾಷಿಯಾದೆ. ದಿನಕ್ಕೊಂದು ಗಿನಿಕೋಳಿ ಊಟ, ಕೊರಳಿಗೊಂದು ಬಿಲ್ಲೆ. ಮೂರು ದಿನ ಕೂತರೂ ದ್ವೇಷ ಸಿಗಲಿಲ್ಲ.

"ನಿಮ್ಮ ಮನೆ ಸುಟ್ಟವರು ಯಾವ ಜನಾಂಗದವರು?" ಎಂದು ಅವರು ಒಬ್ಬ ಅಜ್ಜಿಯನ್ನು ಕೇಳಿದರು.

"ಅದೆಲ್ಲಾ ಕೇಳೋಕೆ ಪುರುಸೊತ್ತಿರಲಿಲ್ಲ ಮಗಾ. ಬೂಟು ಹಾಕಿದ್ರು."

ಸಾಹೇಬರು ಬೂಟುಗಳ ಜನಾಂಗವನ್ನು ಪಟ್ಟಿಯಲ್ಲಿ ಹುಡುಕಿದರು. ಪಟ್ಟಿ ಹಳೆಯದು. ಹಿಂದಿನ ಕಾಲದ ಬಿಳಿ ಅಧಿಕಾರಿಯೊಬ್ಬ ಜ್ವರದಲ್ಲಿ ಮಲಗಿಕೊಂಡೇ ಬರೆಸಿದ್ದು. ಅದರ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಎರಡೇ ಜನಾಂಗ: ಗೊರೊಮರು, ಅಂದರೆ ನಾವು, ಶ್ರಮಜೀವಿಗಳು; ಸಿಯೆರಿಗಳು, ಅಂದರೆ ತಿಯೆಕುರನ ಕಡೆಯವರು, ಕುತಂತ್ರಿಗಳು.

ಈ ಎರಡು ಜನಾಂಗಗಳ ನಡುವೆ ಹಿರಿಯರು ಕಟ್ಟಿದ ಒಂದು ನಂಟಿದೆ. ಗೊರೊಮನೂ ಸಿಯೆರಿಯೂ ಎದುರಾದರೆ ಬೈದುಕೊಳ್ಳಲೇಬೇಕು, ಬೈಸಿಕೊಂಡವನು ಸಿಟ್ಟಾಗುವಂತಿಲ್ಲ. ಸತ್ತರೂ ಬಿಡುಗಡೆಯಿಲ್ಲ. ಗೊರೊಮ ಸತ್ತರೆ ಒಬ್ಬ ಸಿಯೆರಿ ಬಂದು ಗುಂಡಿಯೊಳಗೆ ಮಲಗಿ, ಜಾಗ ಬಿಡುವುದಿಲ್ಲವೆಂದು ಹಟ ಹಿಡಿದು, ಸತ್ತವನನ್ನು ಅಣಕಿಸಿ, ಅಳುವವರನ್ನು ನಗಿಸಬೇಕು. ನಗು ಕೇಳಿದ ಮೇಲೆಯೇ ಸತ್ತವನು ಹೊರಡುವುದು.

ಮೂರನೆಯ ದಿನ ಸಂಜೆ ತಿಯೆಕುರ ಸೈಕಲ್ಲಿನಲ್ಲಿ ಬಂದ. ಸೈಕಲ್ ರಿಪೇರಿ ಅವನ ಕಸುಬು.

"ಏ ಗೊರೊಮ ಗುಲಾಮಾ! ಯಾವ ನಾಯಿ ಕೊರಳಿಂದ ಕದ್ದೆಯೋ ಆ ಬಿಲ್ಲೆ?"

"ಬಾರೋ ಅಲಸಂದೆ ತಿನ್ನೋನೇ! ನಿಮ್ಮಜ್ಜನ್ನ ನಮ್ಮಜ್ಜ ಒಂದು ಕುಂಟು ಕತ್ತೆಗೆ ಮಾರಿದ್ದ, ಮರೆತೆಯಾ?"

"ಮಾರಿದ್ದ. ಕೊಂಡೋನು ಮೋಸ ಆಯ್ತು ಅಂತ ವಾಪಸ್ ತಂದ. ನಿಮ್ಮಜ್ಜ ಕತ್ತೆ ಬಿಡಲೇ ಇಲ್ವಲ್ಲ! ಅಷ್ಟರಲ್ಲಿ ಮದುವೆ ಮುಗಿದಿತ್ತು."

ಎಹೂಮಾನ್ ಸಾಹೇಬರು ಎದ್ದು ನಿಂತರು. "ಏನಂತೆ?"

ಏನೂ ಇಲ್ಲ ಎನ್ನಬಹುದಿತ್ತು. ಆದರೆ ಕೊರಳಲ್ಲಿ ಬಿಲ್ಲೆಯಿತ್ತು, ಹೊಟ್ಟೆಯಲ್ಲಿ ಗಿನಿಕೋಳಿಯಿತ್ತು. ಒಂದಕ್ಷರ ಬಿಡದೆ ಹೇಳಿದೆ. ಇನ್ನೊಂದು ಕತ್ತೆಯನ್ನು ಕೈಯಿಂದ ಸೇರಿಸಿದೆ.

"ಇದು ಎಷ್ಟು ಕಾಲದಿಂದ ನಡೀತಿದೆ?"

"ಇನ್ನೂರು ವರ್ಷ ಆಗಿರ್ಬೇಕು ಸಾಹೇಬ್ರೇ. ಬರೀ ತಮಾಷೆ."

"ಮೊದಲು ಶುರು ಮಾಡಿದವರು ಈಗ ಎಲ್ಲಿದ್ದಾರೆ?"

"ಸತ್ತಿದ್ದಾರೆ."

"ಎಲ್ಲರೂ?"

"ಎಲ್ಲರೂನೂ. ಇನ್ನೂರು ವರ್ಷ ಆಯ್ತಲ್ಲ."

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. "ಬರೆದುಕೊಳ್ಳಿ. ಒಬ್ಬರೂ ಬದುಕುಳಿದಿಲ್ಲ."

"ತಮಾಷೆ ಅಂದೆನಲ್ಲ ಸಾಹೇಬ್ರೇ..."

"ನಿಮ್ಮ ಜಿಲ್ಲೆಗೆ ಚೀಟಿ ಬೇಕೋ ಬೇಡವೋ?"

ಬೇಕಿತ್ತು. ಚೀಟಿ ಇಲ್ಲವೆಂದು ಸೈನಿಕರ ಕಾವಲುಗಟ್ಟೆಯಲ್ಲಿ ತಿಯೆಕುರನ ದೊಡ್ಡ ಮಗ ಎರಡು ಹಲ್ಲು ಕಳಕೊಂಡಿದ್ದ.

"ಒತ್ತೋ ಮಾರಾಯ ಹೆಬ್ಬೆಟ್ಟು," ಎಂದ ತಿಯೆಕುರ. "ನಿನ್ನ ಮುಖ ನೋಡಿ ದ್ವೇಷ ಮಾಡೋದೇನು ಕಷ್ಟದ ಕೆಲಸವಾ?"

ಇಬ್ಬರೂ ನಗುತ್ತಲೇ ಒತ್ತಿದೆವು. ನನಗೆ ಹೆಸರು ಬರೆಯಲು ಬರುತ್ತದೆ. ಪುರಾತನ ದ್ವೇಷಕ್ಕೆ ಹೆಬ್ಬೆಟ್ಟೇ ಶೋಭೆಯೆಂದು ಗುಮಾಸ್ತ ಹೇಳಿದ.

ಚೀಟಿಗಳು ಬಂದವು. ಅವುಗಳ ಜೊತೆಗೆ ಪ್ರಕಟಣೆಯೂ ಬಂತು: "ಗೊರೊಮ ಮತ್ತು ಸಿಯೆರಿ ಸಮುದಾಯದವರು ಪರಸ್ಪರ ಬೈಯುವುದು, ಅಣಕಿಸುವುದು ಹಾಗೂ ಅಜ್ಜಂದಿರ ಪ್ರಸ್ತಾಪ ಮಾಡುವುದನ್ನು ನಿಷೇಧಿಸಲಾಗಿದೆ. ಎದುರಾದಾಗ ಗೌರವಾನ್ವಿತರೇ ಎಂದು ಕರೆಯತಕ್ಕದ್ದು. ತಪ್ಪಿದಲ್ಲಿ ಇಡೀ ಕುಟುಂಬದ ಚೀಟಿ ರದ್ದು."

ನಾವು ಪಾಲಿಸಿದೆವು. ಮೊದಲಾದರೆ ಸಿಯೆರಿಯ ಮೇಕೆ ಗೊರೊಮನ ಹೊಲ ಮೇಯ್ದರೆ ಹತ್ತು ನಿಮಿಷ ಬೈದು, ಬಿಯರ್ ಕುಡಿದು ಮನೆಗೆ ಹೋಗುತ್ತಿದ್ದರು. ಈಗ ಗೌರವಾನ್ವಿತರೇ ಎಂದು ಶುರುವಾದ ಮಾತು ಮುಂದಕ್ಕೆ ಹೋಗದು. ಕೈ ಮಾತ್ರ ದೊಣ್ಣೆಯ ಕಡೆ ಹೋಗುತ್ತಿತ್ತು. ಮೂರು ತಿಂಗಳಲ್ಲಿ ಐದು ತಲೆ ಒಡೆದವು, ಸಂತೆ ಎರಡಾಯಿತು. ತನ್ನ ಶೋಧನೆ ನಿಜವೆಂದು ಸಾಬೀತಾದುದಕ್ಕೆ ಆಯೋಗ ಸಂತೋಷ ವ್ಯಕ್ತಪಡಿಸಿತು.

ಅಷ್ಟರಲ್ಲಿ ನಮ್ಮಪ್ಪ ತೀರಿಕೊಂಡ.

ನಾನು ಅರ್ಜಿ ಹಾಕಿದೆ. ವಿಷಯ: ತಂದೆಯ ಗುಂಡಿಯಲ್ಲಿ ಒಬ್ಬ ಸಿಯೆರಿಯನ್ನು ಮಲಗಿಸಿ ಬೈಯಿಸಲು ಅನುಮತಿ ಕೋರಿ. ಬೈಗುಳಗಳ ಮಾದರಿಯನ್ನು ಮೂರು ಪ್ರತಿಗಳಲ್ಲಿ ಲಗತ್ತಿಸಿದೆ. ಕಚೇರಿ ಬೈಗುಳಗಳನ್ನು ತಿರಸ್ಕರಿಸಿ, ಅವುಗಳ ಬದಲಿಗೆ ಬೆರಳಚ್ಚು ಮಾಡಿದ ಒಂದು ಸಂತಾಪ ಸೂಚನೆಯನ್ನು ಮಂಜೂರು ಮಾಡಿತು.

ಗುಂಡಿಯ ಹತ್ತಿರ ತಿಯೆಕುರ ಇಸ್ತ್ರಿ ಅಂಗಿ ತೊಟ್ಟು ಬಂದ. ಹಿಂದೆ ಎಹೂಮಾನ್ ಸಾಹೇಬರು, ಅವರ ಹಿಂದೆ ಇಬ್ಬರು ಸೈನಿಕರು. ನಾನು ಅವನ ಕಿವಿಯ ಹತ್ತಿರ ಹೋದೆ.

"ಒಂದೇ ಒಂದು ಬೈಯೋ. ಮೆಲ್ಲಗೆ. ಮುದುಕ ಕಾಯ್ತಿದ್ದಾನೆ."

ಅವನು ನನ್ನ ಮುಖ ನೋಡಲಿಲ್ಲ. "ಗೌರವಾನ್ವಿತರೇ, ನನಗೆ ಮೂರು ಮಕ್ಕಳಿದ್ದಾರೆ," ಎಂದ. ಕಾಗದ ಬಿಚ್ಚಿ ಓದಿದ: "ಮೃತರು ಸರಳ ಸಜ್ಜನರಾಗಿದ್ದು..."

ನಮ್ಮಪ್ಪನಿಗೆ ಅದುವರೆಗೆ ಯಾರೂ ಹಾಗೆ ಅವಮಾನ ಮಾಡಿರಲಿಲ್ಲ. ಮುದುಕಿಯರು ಬಾಯಿಗೆ ಸೆರಗು ಹಿಡಿದರು. ಹೆಣ ಹೊತ್ತವರು ಇಳಿಸಲೊಲ್ಲರು, ಬಿಸಿಲು ಏರುತ್ತಿತ್ತು. ಕಡೆಗೆ ನಾನೇ ಗುಂಡಿಗೆ ಹಾರಿದೆ.

"ಜಾಗ ಬಿಡಲ್ಲ!" ಎಂದು ಅಂಗಾತ ಮಲಗಿ ಕೂಗಿದೆ. "ಈ ಗೊರೊಮ ಮುದುಕ ಹೆಂಡತಿ ಗೊರಕೆಗೆ ಹೆದರಿ ಮರದ ಮೇಲೆ ಮಲಗ್ತಿದ್ದ! ಹೆತ್ತಿದ್ದು ಒಬ್ಬ ಮಗ, ಅವನೂ ಒಂದು ಕೋಳಿಕಾಲಿಗೆ ಇಡೀ ಊರನ್ನೇ ಮಾರಿದ!"

ಯಾರೂ ನಗಲಿಲ್ಲ. ತಿಯೆಕುರ ಓದುವ ದನಿ ಏರಿಸಿದ. ಸಾಹೇಬರು ನನ್ನಿಂದಲೇ ಅರ್ಥ ಹೇಳಿಸಿಕೊಂಡು, ನಿಯಮಾವಳಿ ತಿರುವಿ ನೋಡಿ, ಗೊರೊಮನು ಗೊರೊಮನನ್ನೇ ಬೈದರೆ ಅಡ್ಡಿಯಿಲ್ಲವೆಂದು ತೀರ್ಪು ಕೊಟ್ಟರು. ನಾನು ಮೇಲೆ ಬಂದೆ. ಅಪ್ಪ ಒಳಗೆ ಹೋದ.

ಆ ತೀರ್ಪು ಈಗ ಜಿಲ್ಲೆಗೆಲ್ಲ ಅನ್ವಯವಾಗಿದೆ. ಯಾರ ಮನೆಯಲ್ಲಿ ಸಾವಾದರೂ ಹಿರಿಯ ಮಗನೇ ಗುಂಡಿಗಿಳಿದು ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಅನುಭವವಿದೆಯೆಂದು ತರಬೇತಿಯ ಹೊಣೆ ನನಗೆ ವಹಿಸಿದ್ದಾರೆ. ಸೋಮವಾರ ಗೊರೊಮರಿಗೆ, ಗುರುವಾರ ಸಿಯೆರಿಗಳಿಗೆ. ಹಾಜರಿ ಚೆನ್ನಾಗಿದೆ. ನಗು ಇನ್ನೂ ಬಂದಿಲ್ಲ. ಬರಲೇಬೇಕೆಂದು ನಿಯಮದಲ್ಲೂ ಇಲ್ಲ.

ಕಳೆದ ಗುರುವಾರ ತಿಯೆಕುರ ಬಂದಿದ್ದ. ಅವನ ತಾಯಿ ಹಾಸಿಗೆ ಹಿಡಿದಿದ್ದಾಳಂತೆ.

"ಗುರುಗಳೇ, ಏನಂತ ಬೈಕೊಳ್ಳಲಿ?" ಎಂದು ಕೇಳಿದ.

"ತಮಗೆ ತೋಚಿದಂತೆ, ಗೌರವಾನ್ವಿತರೇ."

ಅವನು ಅಭ್ಯಾಸದ ಗುಂಡಿಗಿಳಿದು ನೆಟ್ಟಗೆ ಮಲಗಿ, ಕಣ್ಣು ಮುಚ್ಚಿಕೊಂಡು, ತನ್ನ ಅಜ್ಜನಿಂದ ಹಿಡಿದು ತನ್ನವರೆಗೆ ಒಬ್ಬರನ್ನೂ ಬಿಡದೆ ಬೈದುಕೊಂಡ. ಉಚ್ಚಾರಣೆ ಸ್ಪಷ್ಟವಾಗಿತ್ತು. ನಾನು ಹಾಜರಿ ಹಾಕಿದೆ.